ಮತ್ತಿ ಎಲೆಯ ಮರೆ

ಆ ಬೇಸಿಗೆ ಹೊಳೆ ಬತ್ತಿತು. ಮಠದ ಕೆಳಗಿನ ಮಡುವಿನಲ್ಲಿ ಮೊಣಕಾಲುದ್ದ ನೀರೂ ಉಳಿಯಲಿಲ್ಲ. ಸಣ್ಣ ಮೀನುಗಳು ಕೆಸರಲ್ಲಿ ಒದ್ದಾಡುತ್ತಿದ್ದವು.

ಭಕ್ತರೊಬ್ಬರು ದೊಡ್ಡ ಗಾಜಿನ ತೊಟ್ಟಿ ತಂದುಕೊಟ್ಟರು. ಮಠದ ಅಡವಿಸ್ವಾಮಿಗಳು ಶಿಷ್ಯ ಕಲ್ಲಿನಾಥನನ್ನು ಕರೆದರು.

“ಹೊಳಿಗೆ ಹೊಸ ನೀರು ಬರೂತನಕ ಇವು ಬದುಕಬೇಕು. ಮಡುವಿನ್ಯಾಗ ಹೆಂಗಿತ್ತೋ ಇದರಾಗೂ ಹಂಗ ಇರಲಿ.”

ಕಲ್ಲಿನಾಥ ಹೊಳೆಯ ಉಸುಕು ಹಾಸಿದ. ಪಾಚಿಗಟ್ಟಿದ ಕಲ್ಲು, ಮರದ ಬೇರು ಇಟ್ಟ. ಮತ್ತಿ ಮರದ ಒಣ ಎಲೆ ಉದುರಿಸಿದ. ಎಲೆ ನೆನೆದು ನೀರು ಚಹಾದ ಬಣ್ಣಕ್ಕೆ ತಿರುಗಿತು. ಮಡುವಿನಿಂದ ತಂದು ಬಿಟ್ಟ ಮೀನುಗಳು ಎಲೆಯಡಿ ಸೇರಿಕೊಂಡು ಚೇತರಿಸಿಕೊಂಡವು.

ನೋಡಲು ಬಂದ ಮಂದಿಗೆ ಅದು ಸೇರಲಿಲ್ಲ.

“ಮೀನ ಕಾಣವಲ್ವು. ಹೊಲಸು ನೀರು. ಮಠದಾಗ ಹಿಂಗಾ ಇಡೂದು?”

ಮೀನು ಬದುಕಿದರೆ ಸಾಲದು, ಇವರ ಕಣ್ಣೆದುರು ಕುಣಿಯಲೂ ಬೇಕಂತೆ!

ಕಲ್ಲಿನಾಥನಿಗೆ ನಾಚಿಕೆಯಾಯಿತು. ಎಲೆ, ಬೇರು ಎಲ್ಲ ಎತ್ತಿ ಹೊರಗೆಸೆದ. ಪೂಜೆಯ ತಂಬಿಗೆ ಬೆಳಗುವ ಹಾಗೆ ಕಲ್ಲುಗಳನ್ನು ಬೂದಿ ಹಾಕಿ ತಿಕ್ಕಿದ. ಬಾವಿಯ ತಿಳಿನೀರು ತುಂಬಿದ. ಮಂದಿ ಭೇಷ್ ಎಂದರು.

ಮರುದಿನ ಮೀನುಗಳೆಲ್ಲ ಒಂದು ಮೂಲೆಗೆ ಒತ್ತಿಕೊಂಡಿದ್ದವು. ಯಾರಾದರೂ ಬಗ್ಗಿ ನೋಡಿದರೆ ಬೆದರಿ ಗಾಜಿಗೆ ಬಡಿದುಕೊಳ್ಳುತ್ತಿದ್ದವು. ಒಂದು ಸತ್ತು ತೇಲುತ್ತಿತ್ತು.

ಶಿಷ್ಯನಿಗೆ ಸಿಟ್ಟು ಬಂತು. ಸ್ವಾಮಿಗಳ ಮುಂದೆ ದೂರಿದ. “ನೋಡ್ರಿ ಅಜ್ಜಾರ! ಕೈ ಸವೆಯೂಹಂಗ ತಿಕ್ಕೀನಿ. ಕನ್ನಡಿಯಂಥಾ ನೀರು ಕೊಟ್ಟೀನಿ. ಇವಕ್ಕ ಇನ್ನೇನು ಬೇಕಂತ?”

“ಮೊದಲು ಜಳಕಾ ಮಾಡಿ ಬಾ. ಆಮ್ಯಾಲೆ ಮಾತಾಡೂಣು.”

ಬಚ್ಚಲೆಂದರೆ ಹಿತ್ತಲಲ್ಲಿ ಬಿದಿರಿನ ತಟ್ಟಿ ಕಟ್ಟಿ ಮರೆ ಮಾಡಿದ ಒಂದು ಮೂಲೆ. ಕಲ್ಲಿನಾಥ ಲಂಗೋಟಿಯಲ್ಲಿ ಕೂತು ತಲೆಗೆ ಸೀಗೆಕಾಯಿ ಹಚ್ಚಿಕೊಂಡಿದ್ದ. ಯಾರೋ ತಟ್ಟಿಯನ್ನು ಸರ್ರನೆ ಕಿತ್ತರು.

ಎದುರಿಗೆ ಸ್ವಾಮಿಗಳು. ಅವರ ಹಿಂದೆ ಮೀನು ನೋಡಲು ಬಂದಿದ್ದ ಅಷ್ಟೂ ಮಂದಿ.

“ಬರ್ರಿ, ಬರ್ರಿ. ಈಗ ಛಲೋ ಕಾಣತಾನ.”

ಕಲ್ಲಿನಾಥ ಹಂಡೆಯ ಹಿಂದೆ ಮುದುಡಿ ಮೂಲೆಗೆ ಒತ್ತಿಕೊಂಡ. ಮಂದಿ ನಕ್ಕರು. ಕೆಲವರು ಬಗ್ಗಿಯೂ ನೋಡಿದರು.

ಧೋತರ ಸುತ್ತಿಕೊಂಡು ಎದ್ದು ಬಂದವನ ಕಣ್ಣು ಕೆಂಡವಾಗಿತ್ತು.

“ಏನು ಅನ್ಯಾಯರೀ ಇದು! ಗುರುಗಳು ಅಂತ ನಂಬಿದ್ನಿ. ನಾಕು ಮಂದಿ ಮುಂದ ನನ್ನ ಮಾನಾ ಕಳದ್ರಿ. ನೋಡೋರಿಗೆ ಕಾಣಲಿ ಅಂತ ತಟ್ಟಿ ಕೀಳ್ತಾರೇನ್ರಿ? ನಾ ಏನು ಜೀವ ಅಲ್ಲೇನು?”

ಸ್ವಾಮಿಗಳು ತಲೆ ತಗ್ಗಿಸಿ ಪೂರ್ತಿ ಕೇಳಿದರು. ಮಂದಿ ಇನ್ನೂ ನಗುತ್ತ ಅಲ್ಲೇ ನಿಂತಿದ್ದರು.

“ಮುಗೀತೇನು?”

“ಮುಗೀತ್ರಿ!”

ಸ್ವಾಮಿಗಳು ಕಿತ್ತ ತಟ್ಟಿಯನ್ನು ಅವನ ಕೈಗೆ ಕೊಟ್ಟರು.

“ನಿಂದು ಬೈಯೂದಾತು. ಮೀನುಗಳ ಪಾಲಿಂದೂ ನೀನ ಬೈದುಬಿಡಪ್ಪಾ, ಅವಕ್ಕ ದನಿ ಇಲ್ಲ. ಕೇಳಬೇಕಾದವರು ಎಲ್ಲಾರೂ ಇಲ್ಲೇ ಅದೀವಿ.”