ಎರಡು ಶಿಖರಗಳ ನಡುವೆ ಮಂಜು ಯಾಕೆ ನಿಲ್ಲುತ್ತದೆ

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಆಗ ಬೆಟ್ಟಗಳೆಲ್ಲ ಮೈಗೆ ಮೈ ತಾಗಿಸಿಕೊಂಡು ನಿಂತಿದ್ದವು. ಮಳೆರಾಯ ಒಂದೊಂದು ಶಿಖರವನ್ನೂ ಹೆಸರು ಹಿಡಿದು ಕೂಗಿ ನೀರು ಸುರಿಯುತ್ತಿದ್ದ. ಹೆಸರಿಲ್ಲದ ಶಿಖರಕ್ಕೆ ನೀರಿಲ್ಲ.

ಮುಗಿಲಮ್ಮ ಎಂಬ ಎತ್ತರದ ಶಿಖರಕ್ಕೆ ಒಬ್ಬಳು ತಂಗಿ. ಅವಳಿಗೆ ಹೆಸರಿರಲಿಲ್ಲ. ಎಲ್ಲರೂ ಅವಳನ್ನು ‘ಮುಗಿಲಮ್ಮನ ಹೆಗಲು’ ಎನ್ನುತ್ತಿದ್ದರು. ಅಕ್ಕನ ಮೇಲೆ ಬೀಳುವ ಮಳೆಯ ಎರಚಲಷ್ಟೇ ಅವಳ ಪಾಲು. ಒಂದು ವರ್ಷ ಆ ಎರಚಲೂ ಬರಲಿಲ್ಲ. ಅವಳ ಹುಲ್ಲಿನಲ್ಲಿ ಹುಟ್ಟಿದ ಮೊಲದ ಮರಿಗಳು ಬಾಯಾರಿ ಮಲಗಿಬಿಟ್ಟವು.

ಶಿಖರಗಳನ್ನು ಅಳೆದು ಹೆಸರು ಕೊಡುವವನು ಗಾಳಿತಾತ. ಅವನು ಬರುತ್ತಾನೆಂದು ಕೇಳಿ ತಂಗಿ ಇದ್ದಬದ್ದ ಕಲ್ಲನ್ನೆಲ್ಲ ತಲೆಯ ಮೇಲೆ ಪೇರಿಸಿಕೊಂಡಳು. ಕುತ್ತಿಗೆ ನೋಯುತ್ತಿದ್ದರೂ ನೆಟ್ಟಗೆ ನಿಂತಳು, ಪಾಪ.

“ಅಯ್ಯೋ ಮಗಳೇ, ಇದೇನು ಹೊರೆ?” ಎಂದ ಗಾಳಿತಾತ. ಅವನ ಒಂದೇ ಉಸಿರಿಗೆ ಕಲ್ಲುಗಳು ಉರುಳಿದವು. “ನೀನೆಷ್ಟು ಎತ್ತರ ಅಂತ ನಾನು ಕೇಳಲ್ಲ. ನಿನ್ನ ನೆತ್ತಿಯಿಂದ ಹೊರಟು ಅಕ್ಕನ ನೆತ್ತಿಗೆ ಹೋಗ್ತೀನಿ. ಹತ್ತೋಕೆ ಮುಂಚೆ ಎಷ್ಟು ಇಳೀಬೇಕಾಗುತ್ತೋ ಅಷ್ಟೇ ನಿನ್ನದು. ಉಳಿದದ್ದೆಲ್ಲ ಅಕ್ಕನದು. ನಿನ್ನದು ಸಾಕಷ್ಟಿದ್ರೆ ಹೆಸರು ಕೊಡ್ತೀನಿ.”

ಅವನು ಹೊರಟ. ಇಳಿದದ್ದು ಒಂದು ಮೊಲ ನೆಗೆಯುವಷ್ಟು ಮಾತ್ರ. ತಾತ ಹೆಸರು ಕೊಡದೆ ಹೊರಟುಹೋದ.

ಇಬ್ಬರ ನಡುವೆ ಒಂದು ಸಣ್ಣ ತೊರೆ ಹುಟ್ಟುತ್ತಿತ್ತು. “ತೊರೆಯವ್ವಾ, ಇಲ್ಲಿ ಕೊರೆದು ತಗ್ಗು ಮಾಡ್ತೀಯಾ?” ಎಂದು ತಂಗಿ ಕೇಳಿದಳು.

“ಮಾಡ್ತೀನಿ. ಆದ್ರೆ ನೀನು ಅಕ್ಕನಿಗೆ ಒರಗಿಕೊಂಡಿರೋದು ಈ ಮಣ್ಣಿನಿಂದಲೇ. ಹೋದ ಮಣ್ಣು ತಿರುಗಿ ಬರಲ್ಲ, ಕೂಸೇ.”

ತಂಗಿ ಅಕ್ಕನ ಕಡೆ ನೋಡಿದಳು. ಆಗ ಮುಗಿಲಮ್ಮನೇ ಹೇಳಿದಳು: “ಕೊರಿ, ತಾಯಿ. ನನ್ನ ಕಡೆಯಿಂದಲೂ ತಗೋ. ಮರಿಗಳು ಬಾಯಾರಿ ಮಲಗಿವೆ.” ಹಾಗೆಂದು ಅವಳು ಮುಖ ತಿರುಗಿಸಿಕೊಂಡಳು.

ಭೂಮಿ ಹಸಿಯಾಗಿತ್ತಲ್ಲ, ಮಣ್ಣು ಬೇಗ ಕರಗಿತು. ಇಬ್ಬರ ಮೈಯಿಂದಲೂ ಕೆಂಪು ನೀರು ಇಳಿಯಿತು. ಇಬ್ಬರೂ ನೋವು ನುಂಗಿಕೊಂಡರು.

ಗಾಳಿತಾತ ಮತ್ತೆ ಬಂದ. ಇಳಿದ, ಇಳಿದ, ಇನ್ನೂ ಇಳಿದ. ಕೆಳಗಿನಿಂದ ಅವನ ದನಿ ಕೇಳಿಸುವುದೇ ಕಷ್ಟವಾಯಿತು. “ಇಷ್ಟೂ ನಿನ್ನದೇ, ಮಗಳೇ. ನಿನ್ನ ಹೆಸರು ನೇಸರಿ!”

“ನೇಸರೀ!” ಎಂದು ಮಳೆರಾಯ ಕೂಗಿದ. ಮರಿಗಳು ತಲೆಯೆತ್ತಿ ನೀರು ಕುಡಿದವು.

ಸಂಜೆ ನೇಸರಿ ಅಭ್ಯಾಸದಂತೆ ಅಕ್ಕನಿಗೆ ಒರಗಲು ಹೋದಳು. ಅಲ್ಲಿ ಅಕ್ಕ ಇರಲಿಲ್ಲ. “ಅಕ್ಕಾ” ಎಂದು ಕರೆದಳು. ಅಷ್ಟು ದೂರದಿಂದ ಉತ್ತರ ಬರುವಷ್ಟರಲ್ಲಿ ಕತ್ತಲಾಗಿತ್ತು. ತನ್ನ ಹೆಸರನ್ನು ತಾನೇ ಹೇಳಿಕೊಂಡು ಅವಳು ಅತ್ತಳು.

ಕೆಳಗೆ ತೊರೆಗೂ ಸಂಕಟವಾಯಿತು. “ಮಣ್ಣು ವಾಪಸ್ಸು ತರೋಕೆ ನನ್ನಿಂದಾಗಲ್ಲ, ಮಕ್ಕಳೇ. ನನ್ನ ಉಸಿರು ಕೊಡ್ತೀನಿ,” ಎಂದಿತು.

ನಸುಕಿನಲ್ಲಿ ತೊರೆಯ ಉಸಿರು ಬೆಳ್ಳಗೆ ಮೇಲೆದ್ದು ಆ ತಗ್ಗನ್ನೆಲ್ಲ ತುಂಬಿತು. ಅಕ್ಕ ತಂಗಿ ಮತ್ತೆ ಒರಗಿಕೊಂಡರು.

ಅದಕ್ಕೇ ಮಗು, ಈಗಲೂ ಬೆಳಗಿನ ಜಾವ ಎರಡು ಶಿಖರಗಳ ನಡುವೆ ಮಂಜು ತುಂಬಿ ನಿಂತಿರುತ್ತದೆ; ಬಿಸಿಲು ಬಂದು ಅದು ಕರಗಿದ ಮೇಲೆ, ಅಕ್ಕ ತಂಗಿ ಅವರವರ ಹೆಸರು ಹೊತ್ತು ಒಬ್ಬೊಬ್ಬರೇ ನಿಲ್ಲುತ್ತಾರೆ.