ನಡುಹಗಲಿನ ಸರದಿ

"ಗುರುಗಳೇ, ತಪ್ಪಿಲ್ಲದೆ ಅಳೆಯುವುದು ಹೇಗೆ?" ಎಂದು ಚೆನ್ನವೀರ ಕೇಳಿದ.

ಅವನ ಓದು ಮುಗಿದಿತ್ತು. ಮರುದಿನ ಮಠ ಬಿಟ್ಟು, ಒಂದು ದೊಡ್ಡ ಕೆರೆಯ ನೀರು ಹಂಚುವ ಕೆಲಸಕ್ಕೆ ಹೊರಡುವವನಿದ್ದ. "ವೈದ್ಯ ಕಲಿತೆ, ನಾಡಿ ಎಣಿಸಿದೆ. ಜ್ಯೋತಿಷ ಕಲಿತೆ, ಹೊತ್ತು ಎಣಿಸಿದೆ. ಕಾಲುವೆಯ ಲೆಕ್ಕ ಕಲಿತೆ, ನೀರು ಅಳೆದೆ. ಎಲ್ಲ ಕಡೆಯೂ ಹರಿಯುವುದನ್ನೇ ಅಳೆಯುವುದು. ಎಲ್ಲ ಕಡೆಯೂ ಒಂದು ಸಲ ಬಂದ ಲೆಕ್ಕ ಇನ್ನೊಂದು ಸಲ ಬರುವುದಿಲ್ಲ. ಈ ತಪ್ಪನ್ನು ಬೇರುಸಹಿತ ಕೀಳುವ ದಾರಿ ಯಾವ ಶಾಸ್ತ್ರದಲ್ಲಿದೆ? ಅದೊಂದನ್ನು ಹೇಳಿಬಿಡಿ, ಹೊರಡುತ್ತೇನೆ."

ಗುರುಗಳು ನಕ್ಕರು. "ಕೀಳುವುದಕ್ಕೆ ಅದೇನು ಗದ್ದೆಯ ಕಳೆಯೇ? ಕೂತುಕೋ. ಒಬ್ಬ ನೀರಗಂಟಿಯ ಕತೆ ಹೇಳುತ್ತೇನೆ," ಎಂದರು. ಹೇಳತೊಡಗಿದರು.

ಒಂದೂರಿನಲ್ಲಿ ಒಂದು ಕೆರೆ. ಕೆರೆಯ ನೀರನ್ನು ಗದ್ದೆಗಳಿಗೆ ಹಂಚಲು ಒಬ್ಬ ನೀರಗಂಟಿ. ತೂಬಿನ ಪಕ್ಕದ ಬಯಲಿನಲ್ಲಿ ನೀರು ತುಂಬಿದ ಒಂದು ಕೊಪ್ಪರಿಗೆ ಇತ್ತು. ಅದರಲ್ಲಿ ಒಂದು ತಾಮ್ರದ ಬಟ್ಟಲನ್ನು ತೇಲಿಬಿಡುತ್ತಿದ್ದ. ಬಟ್ಟಲಿನ ತಳದಲ್ಲಿ ಕೂದಲೆಳೆಯಷ್ಟು ಸಣ್ಣ ತೂತು. ತೂತಿನಿಂದ ನೀರು ಒಳಗೆ ಏರಿ ಏರಿ ಬಟ್ಟಲು ಮುಳುಗಿತೆಂದರೆ ಒಬ್ಬನ ಸರದಿ ಮುಗಿಯಿತು. ನೀರಗಂಟಿ ಕೂಗು ಹಾಕಿದ ಕೂಡಲೇ ಆ ಗದ್ದೆಗೆ ನೀರು ಹೋಗುವ ಮಡೆ ಕಟ್ಟಿ ಮುಂದಿನವನ ಮಡೆ ಬಿಡಿಸುತ್ತಿದ್ದರು. ಯಾರ ಸರದಿ ಯಾವ ಹೊತ್ತಿಗೆ ಎಂಬುದನ್ನು ಅಜ್ಜಂದಿರ ಕಾಲದಲ್ಲೇ ಗೊತ್ತುಮಾಡಿದ್ದರು. ಮುಂಜಾವಿನವನು ಯಾವಾಗಲೂ ಮುಂಜಾವಿನವನೇ. ನಡುಹಗಲಿನವನು ಯಾವಾಗಲೂ ನಡುಹಗಲಿನವನೇ.

ನೀರಗಂಟಿ ನಿಯತ್ತಿನ ಮನುಷ್ಯ. ಸರದಿಯ ಹೊತ್ತಿನಲ್ಲಿ ಯಾರ ಮನೆಯ ಮಜ್ಜಿಗೆಯನ್ನೂ ಮುಟ್ಟಿದವನಲ್ಲ. ಬಟ್ಟಲು ಮುಳುಗಿದ ಮೇಲೆ ಸ್ವಂತ ಭಾವನ ಗದ್ದೆಗೂ ಒಂದು ಹನಿ ಬಿಟ್ಟವನಲ್ಲ. ಅವನಿಗೆ ಆ ಬಟ್ಟಲೆಂದರೆ ದೇವರು. ಮುಂಜಾವಿನ ರೈತನಂತೂ ತೂಬಿನ ಬಳಿ ಬಂದಾಗಲೆಲ್ಲ, "ನಿನ್ನಂಥವನು ಸಿಕ್ಕಿದ್ದು ಈ ಊರಿನ ಪುಣ್ಯ ಕಣಪ್ಪ" ಎನ್ನುತ್ತಿದ್ದ. ಹೊಗಳಿಕೆ ಯಾರಿಗೆ ಬೇಡ? ಇವನಿಗೂ ಹಿತವಾಗುತ್ತಿತ್ತು.

ಒಂದು ವರ್ಷ ಮಾಗಿಯ ಚಳಿ ಬಿದ್ದು, ಭತ್ತ ಹೊಡೆ ತುಂಬಿ ನಿಂತಿತ್ತು. ತೆನೆ ಹೊರಬರುವ ಮುಂಚಿನ ಆ ದಿನಗಳಲ್ಲಿ ನೀರು ತಪ್ಪಿದರೆ ಬೆಳೆ ತಪ್ಪಿದಂತೆಯೇ. ಆಗ ನಡುಹಗಲಿನ ರೈತ ತೂಬಿನ ಬಳಿಗೆ ಬಂದ. ಕಾಲು ಮೊಣಕಾಲಿನವರೆಗೆ ಕೆಸರು, ಕಣ್ಣು ಕೆಂಡ.

"ಅಣ್ಣಾ, ನನ್ನ ಗದ್ದೆಯ ಕೊನೇ ಮೂಲೆಗೆ ನೀರು ಮುಟ್ಟುತ್ತಿಲ್ಲ. ಮುಂಜಾವಿನವನದೂ ಇಷ್ಟೇ ಗದ್ದೆ, ಇದೇ ಕಾಲುವೆ. ಅವನದು ತೊಯ್ದು ನಿಂತಿದೆ, ನನ್ನದು ಬಿರುಕು ಬಿಟ್ಟಿದೆ. ನಿನ್ನ ಬಟ್ಟಲು ನನಗೆ ಮೋಸ ಮಾಡುತ್ತಿದೆ."

ನೀರಗಂಟಿಗೆ ಮೈ ಉರಿದುಹೋಯಿತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೊದಲು ಹೋಗಿ ಬದು ಸರಿಯಾಗಿ ಕಟ್ಟಿಕೋ," ಎಂದ.

ರೈತ ಜಗ್ಗಲಿಲ್ಲ. ಮಾತಿಗೆ ಮಾತು ಬೆಳೆಯಿತು. ಊರು ಸೇರಿತು. ಕೊನೆಗೆ ನೀರಗಂಟಿ ಕೈಯಲ್ಲಿದ್ದ ತೂಬಿನ ಕೋಲನ್ನು ಎಲ್ಲರ ಮುಂದೆ ನೆಲಕ್ಕೆ ಕುಟ್ಟಿ ಹೇಳಿದ: "ನನ್ನ ಬಟ್ಟಲು ಒಬ್ಬನಿಗೆ ಹೆಚ್ಚು, ಒಬ್ಬನಿಗೆ ಕಡಿಮೆ ಕೊಟ್ಟದ್ದು ನಿಜವೆಂದು ತೋರಿಸಿ. ಈ ಕೋಲು ಕೆಳಗಿಟ್ಟು ಹೋಗುತ್ತೇನೆ. ಮತ್ತೆ ಈ ಕೆರೆಯ ಏರಿ ಹತ್ತುವುದಿಲ್ಲ." ಅವನಿಗೆ ಇದ್ದದ್ದು ಅದೊಂದೇ ಕೆಲಸ. ಸುಗ್ಗಿಯಲ್ಲಿ ಗದ್ದೆಗೊಂದರಂತೆ ಕೊಡುತ್ತಿದ್ದ ಭತ್ತದ ಹೊರೆಯೇ ಮನೆಯವರ ಅನ್ನ. ಆದರೂ ಸಿಟ್ಟಿನಲ್ಲಿ ಆಡಿಬಿಟ್ಟ. ನಾಲಿಗೆಗೆ ಎಲುಬಿಲ್ಲ, ನೋಡು.

ಕಂಚುಗಾರನಿಂದ ಅಂಥದೇ ಇನ್ನೊಂದು ಬಟ್ಟಲು ಮಾಡಿಸಿ ತಂದರು. ನಡುಹಗಲು ಊರೆಲ್ಲ ಸುತ್ತ ನಿಂತಿರುವಾಗ ಎರಡನ್ನೂ ಒಂದೇ ಕೊಪ್ಪರಿಗೆಯಲ್ಲಿ ಬಿಟ್ಟರು. ಎರಡೂ ಒಟ್ಟಿಗೇ ಮುಳುಗಿದವು. ಊರು ಘೊಳ್ಳೆಂದು ನಕ್ಕಿತು. ಮುಂಜಾವಿನ ರೈತ ಎಲ್ಲರಿಗಿಂತ ಜೋರಾಗಿ ನಕ್ಕ. ನಡುಹಗಲಿನವನು ತಲೆ ತಗ್ಗಿಸಿಕೊಂಡು ಹೋದ. ಅವನ ಗದ್ದೆಯ ಮೂಲೆ ಹಾಗೆಯೇ ಒಣಗುತ್ತಿತ್ತು. ಇನ್ನೊಂದೆರಡು ಸರದಿ ಹೀಗೇ ಹೋದರೆ ತೆನೆಯೆಲ್ಲ ಜೊಳ್ಳಾಗುವುದಿತ್ತು. ಚೆನ್ನವೀರಾ, ನೀನು ಅಲ್ಲಿದ್ದಿದ್ದರೆ ನೀನೂ ನಗುತ್ತಿದ್ದೆ. ಲೆಕ್ಕಕ್ಕೆ ಲೆಕ್ಕ ತಾಳೆಯಾಗಿತ್ತಲ್ಲ.

ಗೆದ್ದವನಿಗೆ ತಲೆನೋವು ಹಿಡಿಯಿತು. ಕಿರುಚಾಡಿದ್ದಕ್ಕೋ, ಬಿಸಿಲಿಗೋ, ಅಂತೂ ಹಿಡಿಯಿತು. ಮರುದಿನ ಪಕ್ಕದೂರಿನ ವೈದ್ಯರಲ್ಲಿಗೆ ಹೋದ. ಅವರು ಅವನನ್ನು ಹಲಗೆಯ ಮೇಲೆ ಮಲಗಿಸಿ, ಹಣೆಗೆ ಎಣ್ಣೆಯ ಧಾರೆ ಬಿಡಲು ಮೇಲೊಂದು ಮಡಕೆ ತೂಗುಹಾಕಿದರು. ಆ ಮಡಕೆಯ ತಳದಲ್ಲೂ ಒಂದು ಸಣ್ಣ ತೂತು. ಧಾರೆ ಬಿದ್ದೂ ಬೀಳದ ಹಾಗೆ ಬಂತು. ವೈದ್ಯರು ಮಡಕೆ ಇಳಿಸಿ ಎಣ್ಣೆಯನ್ನು ಒಲೆಯ ಮೇಲಿಟ್ಟರು.

"ತೂತು ಕಟ್ಟಿಕೊಂಡಿದೆಯೇ ಸ್ವಾಮಿ?" ಎಂದು ನೀರಗಂಟಿ ಮಲಗಿದಲ್ಲಿಂದಲೇ ಕೇಳಿದ.

"ತೂತು ಚೆನ್ನಾಗಿದೆ. ಎಣ್ಣೆ ತಣ್ಣಗಿದೆ," ಎಂದರು ವೈದ್ಯರು. "ತಣ್ಣಗಿದ್ದರೆ ಸೋಮಾರಿ, ಬೆಚ್ಚಗಾದರೆ ಓಡುತ್ತದೆ. ನೀರಿನದೂ ಅದೇ ಗುಣ. ಎಣ್ಣೆಯಷ್ಟು ಎದ್ದು ಕಾಣುವುದಿಲ್ಲ, ಅಷ್ಟೇ. ಅದಕ್ಕೇ ನಾವು ಮೊದಲು ಬೆರಳಿಟ್ಟು ಬಿಸಿ ನೋಡುತ್ತೇವೆ. ಆಮೇಲೆ ಧಾರೆ ಬಿಡುತ್ತೇವೆ."

ನೀರಗಂಟಿ ಧಡಕ್ಕನೆ ಎದ್ದು ಕೂತ. ಹಣೆಯ ಎಣ್ಣೆ ಮೂಗಿಗೆ ಇಳಿಯಿತು. "ಅಯ್ಯೋ ಶಿವನೇ!" ಎಂದವನೇ ಮೆಟ್ಟನ್ನೂ ಅಲ್ಲೇ ಬಿಟ್ಟು ಓಡಿದ. ತಲೆನೋವು ತಲೆಯೊಳಕ್ಕೇ ಇಳಿದಿರಬೇಕು ಎಂದು ವೈದ್ಯರು ಹೆಂಡತಿಗೆ ಹೇಳಿದರಂತೆ.

ಅಂದು ಸರದಿಯ ದಿನವಲ್ಲ, ತೂಬಿನ ಬಳಿ ಯಾರೂ ಇರಲಿಲ್ಲ. ಬಿಸಿಲಿಗೆ ಕಾದಿದ್ದ ಕೊಪ್ಪರಿಗೆಯಲ್ಲಿ ಒಂದು ಬಟ್ಟಲು ಬಿಟ್ಟ. ಮನೆಯಿಂದ ಮಣ್ಣಿನ ಗುಡಾಣದ ತಣ್ಣೀರು ಹೊತ್ತು ತಂದು ಅದರಲ್ಲಿ ಇನ್ನೊಂದನ್ನು ಬಿಟ್ಟ. ಕೊಪ್ಪರಿಗೆಯ ಬಟ್ಟಲು ಮುಳುಗಿತು. ಗುಡಾಣದ್ದು ಇನ್ನೂ ತೇಲುತ್ತಲೇ ಇತ್ತು. ಅವನು ಕುಕ್ಕರುಗಾಲಿನಲ್ಲಿ ಕೂತು ಅದನ್ನೇ ನೋಡಿದ. ಅದು ಹೀಗೆ ತೇಲಿದಷ್ಟು ಹೊತ್ತೂ ಮುಂಜಾವಿನ ಚಳಿಯಲ್ಲಿ ಒಬ್ಬನ ಗದ್ದೆಗೆ ಹೆಚ್ಚಿನ ನೀರು ಹರಿದಿತ್ತು. ಬಿಸಿಲೇರಿದ ಮೇಲೆ ಇನ್ನೊಬ್ಬನಿಗೆ ಅಷ್ಟೂ ಕಡಿಮೆ ಬಿದ್ದಿತ್ತು. ನಿನ್ನೆ ಎರಡು ಬಟ್ಟಲೂ ಒಂದೇ ಬಿಸಿನೀರಿನಲ್ಲಿ ಒಟ್ಟಿಗೆ ತಪ್ಪಿದ್ದವು, ಅದನ್ನು ಊರೆಲ್ಲ ಸರಿಯೆಂದು ನಂಬಿತ್ತು. ಈ ವರ್ಷದ ಮಾತಲ್ಲ ಇದು, ಅವನ ಅಪ್ಪನ ಕಾಲದಿಂದ ಹೀಗೇ ನಡೆದು ಬಂದಿತ್ತು.

ಕಂಡವರು ಯಾರೂ ಇಲ್ಲ. ಬಟ್ಟಲನ್ನೆತ್ತಿ ಒರೆಸಿಟ್ಟರೆ ಕೆಲಸ ಉಳಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಮನಸ್ಸು ಏನು ಪಿಸುಗುಟ್ಟುತ್ತದೆಂದು ನಿನಗೂ ಗೊತ್ತು, ನನಗೂ ಗೊತ್ತು. ಅವನ ಮನಸ್ಸೂ ಪಿಸುಗುಟ್ಟಿತು. ಸ್ವಲ್ಪ ಹೊತ್ತು ಕೇಳಿದ, ಸುಳ್ಳೇಕೆ? ಆಮೇಲೆ ಎದ್ದು ಹೋಗಿ ಊರನ್ನು ಕರೆದ.

ಎಲ್ಲರ ಮುಂದೆ ಮತ್ತೆ ಮಾಡಿ ತೋರಿಸಿದ. ಈ ಸಲ ಯಾರೂ ನಗಲಿಲ್ಲ. ಮುಂಜಾವಿನ ರೈತ, "ಹೋಗಲಿ ಬಿಡಪ್ಪ, ಹಳೇದನ್ನೆಲ್ಲ ಯಾಕೆ ಕೆದಕುತ್ತೀಯ?" ಎಂದ. ನೀರಗಂಟಿ ತೂಬಿನ ಕೋಲನ್ನು ನೆಲದ ಮೇಲಿಟ್ಟ. ನಡುಹಗಲಿನ ರೈತನ ಕಡೆ ತಿರುಗಿ ಕೈ ಮುಗಿದು, "ಆಡಿದ್ದೆ. ಹೊರಟೆ," ಎಂದ. ನೀರಗಂಟಿಯ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸೇಡು ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಮಯ ಬೇಕೇ? ಆದರೆ ರೈತ ಬಗ್ಗಿ ಕೋಲನ್ನೆತ್ತಿ ಅವನ ಕೈಗೇ ಕೊಟ್ಟ. "ತಪ್ಪು ಕಂಡು ಬಾಯಿಬಿಟ್ಟವನನ್ನೇ ಓಡಿಸಿದರೆ, ನಾಳೆ ಬರುವವನು ಕಂಡದ್ದನ್ನು ಮುಚ್ಚಿಡುತ್ತಾನೆ. ಅದರಿಂದ ನನ್ನ ಗದ್ದೆ ನೆನೆಯುತ್ತದೆಯೇ? ಮೊದಲು ಆ ಮೂಲೆಗೆ ನೀರು ಬಿಡು ಮಾರಾಯ," ಎಂದ.

ಬಿಟ್ಟರು. ಮೂಲೆ ನೆನೆಯಿತು. ಇನ್ನು ಮುಂದೆ ಏನು ಮಾಡುವುದೆಂದು ಊರು ತಲೆ ಕೆಡಿಸಿಕೊಂಡಿತು. ಕೊಪ್ಪರಿಗೆಯ ಮೇಲೆ ಚಪ್ಪರ ಹಾಕಿದರು. ವ್ಯತ್ಯಾಸ ತಗ್ಗಿತು, ಹೋಗಲಿಲ್ಲ. ಆಗ ನೀರಗಂಟಿಯೇ ಹೇಳಿದ: "ಅದು ಪೂರ್ತಿ ಹೋಗುವಂಥದ್ದಲ್ಲ. ಹಾಗಾದರೆ ಅದೂ ಸರದಿಯ ಮೇಲೆ ತಿರುಗಲಿ. ಈ ಸಲ ಮುಂಜಾವು ಯಾರದೋ, ಮುಂದಿನ ಸಲ ಅವನದು ನಡುಹಗಲು." ಅಜ್ಜಂದಿರ ಕಟ್ಟಳೆ ಮುರಿಯಿತೆಂದು ಕೆಲವರು ಗೊಣಗಿದರು. ಗೊಣಗಿದವರು ಯಾರೆಂದು ನೀನೇ ಊಹಿಸಿಕೋ. ಬಟ್ಟಲು ಚಳಿಯಲ್ಲಿ ಆಮೇಲೂ ನಿಧಾನವಾಗಿಯೇ ಮುಳುಗಿತು. ಆ ತಪ್ಪಿನ ಭಾರ ಒಬ್ಬನ ಮೇಲೇ ಬೀಳುವುದು ಮಾತ್ರ ನಿಂತಿತು.

ಸುಗ್ಗಿ ಬಂತು. ಪ್ರತಿ ಗದ್ದೆಯವರೂ ನೀರಗಂಟಿಗೆ ಹೊರೆ ಕೊಟ್ಟರು. ಅವನು ಹೊಸ ಅಕ್ಕಿಯ ಪಾಯಸ ಮಾಡಿಸಿದ. ದೇವರಿಗೆ ಎಡೆ ಇಟ್ಟ. ಮನೆಯವರು ಉಣ್ಣುವ ಮೊದಲೇ ಒಂದು ತಪ್ಪಲೆ ತುಂಬಿಸಿಕೊಂಡು ಹೆಂಡತಿಯೊಡನೆ ನಡುಹಗಲಿನ ರೈತನ ಮನೆಗೆ ಹೋದ.

"ನೀನು ಬೈಯದೆ ಇದ್ದಿದ್ದರೆ, ಸಾಯುವತನಕ ನಾನು ನಿಯತ್ತಿನಿಂದ ನಿನ್ನ ಗದ್ದೆಯ ನೀರು ಕದಿಯುತ್ತಿದ್ದೆ. ನಿನ್ನ ಉಪಕಾರ ಹೇಗೆ ಮರೆಯಲಿ?" ಎಂದ.

ರೈತ ನಾಚಿಕೊಂಡ. "ನಾನು ನನ್ನ ಹೊಟ್ಟೆಪಾಡಿಗೆ ಬೈದೆ ಕಣಣ್ಣ. ನಿನ್ನನ್ನು ತಿದ್ದುವುದಕ್ಕಲ್ಲ."

"ಯಾತಕ್ಕಾದರೂ ಇರಲಿ, ಬೈದೆಯಲ್ಲ. ಪಾಯಸ ಆರುತ್ತದೆ, ಎಲೆ ಹಾಕಿಸು."

ಇಬ್ಬರೂ ಅಕ್ಕಪಕ್ಕ ಕೂತು ಉಂಡರು. ನೀರಗಂಟಿ ಬದುಕಿರುವವರೆಗೂ ಪ್ರತಿ ಸುಗ್ಗಿಗೆ ಹೊಸ ಅಕ್ಕಿಯ ಪಾಯಸ ಆ ಮನೆಗೆ ಹೋಗುತ್ತಿತ್ತಂತೆ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನಿಗೆ ಮನಸ್ಸು ತುಂಬಿ ಬಂದಿತ್ತು. ಎದ್ದು ಅವರ ಪಾದ ಮುಟ್ಟಿದ.

"ತಿಳಿಯಿತು ಗುರುಗಳೇ. ಹೋದ ಊರಿನಲ್ಲಿ ನನ್ನ ಅಳತೆಯನ್ನು ಬೈದವನು ಯಾರೇ ಇರಲಿ, ಮೊದಲು ಅವನಿಗೆ ಕೈ ಮುಗಿಯುತ್ತೇನೆ."

"ಬೈಯುವವನು ತಾನಾಗಿಯೇ ನಿನ್ನ ಬಾಗಿಲಿಗೆ ಬರುತ್ತಾನೆ ಮಗನೇ; ಹೊಗಳಿದವನ ಮನೆಗೆ ನೀನೇ ಹೋಗಿ, 'ನಿನಗೆ ಎಷ್ಟು ಹೆಚ್ಚು ಹರಿಯಿತಪ್ಪ?' ಎಂದು ಕೇಳು," ಎಂದರು ಗುರುಗಳು.