ಹೋದವಳ ಮುದ್ದೆ

"ಬುದ್ಧಿ, ಸಂಬಳ ಏರಿಸ್ದೆ, ಹಬ್ಬಕ್ಕೆ ಸೀರೆ ಕೊಟ್ಟೆ, ಆದ್ರೂ ನನ್ನ ಹತ್ರ ಕೆಲಸದೋರು ಯಾಕೆ ನಿಲ್ಲಲ್ಲ?"

ಮಠದ ಗುರುಗಳನ್ನ ಹಿಂಗೆ ಕೇಳಿದೋನು ಮರಿಮಾದಪ್ಪ, ರೇಷ್ಮೆ ನೂಲು ತೆಗೆಯೋ ಶೆಡ್ಡಿನ ಯಜಮಾನ. ಒಂದೇ ವರ್ಷದಲ್ಲಿ ಆರು ಹೆಂಗಸರು ಬಿಟ್ಟೋಗಿದ್ರು. ಕೆಲಸ ಗೊತ್ತಿರೋಳು ಅಂತ ಉಳಿದಿದ್ದು ಚೆನ್ನಾಜಮ್ಮ ಒಬ್ಬಳೇ. ಅವಳೂ ಸೋಮವಾರದಿಂದ ಬರಲ್ಲ ಅಂದುಬಿಟ್ಟಿದ್ಲು. ಅವಳು ಹೋದ್ರೆ ಶೆಡ್ಡಿಗೆ ಬೀಗ. ಗುರುಗಳು ಒಂದು ಮಾತು ಹೇಳಿದ್ರೆ ನಿಂತಾಳು ಅಂತ ಅವಳನ್ನ ಮಠಕ್ಕೇ ಕರ್ಕೊಂಡು ಬಂದಿದ್ದ. ಅವಳು ಕಂಬಕ್ಕೆ ಒರಗಿ, ಬಾಯಿಗೆ ಸೆರಗು ಅಡ್ಡ ಹಿಡ್ಕೊಂಡು ಕೂತಿದ್ಲು.

ಗುರುಗಳು ಅವಳಿಗೆ ಏನೂ ಹೇಳಲಿಲ್ಲ. ಕತೆ ಶುರು ಮಾಡಿದ್ರು.

ಒಂದು ಸಂತೆ ಊರಲ್ಲಿ ಒಬ್ಬ ಹೋಟ್ಲೋನು ಇದ್ದ. ರಾಗಿಮುದ್ದೆ ಊಟದ ಹೋಟ್ಲು. ಮುದ್ದೆ ತೊಳಸೋದು ಅಂದ್ರೆ ಸುಮ್ಮನೆ ಅಲ್ಲ. ರಟ್ಟೆ ಬಿದ್ದೋಗುತ್ತೆ, ಕಣ್ಣಿಗೆಲ್ಲ ಹೊಗೆ, ಒಂದು ಗಂಟು ಉಳಿದ್ರೂ ಊರೋರ ಬೈಗುಳ. ಇವನಿಗೋ ಒಂದು ಚಾಳಿ. ದಿನದ ಮೊದಲನೇ ಮುದ್ದೆ ಬಂತು ಅಂದ್ರೆ, ಗಿರಾಕಿಗಳ ಎದುರಿಗೇ ಅದಕ್ಕೆ ಹೆಬ್ಬೆಟ್ಟು ಒತ್ತಿ ನೋಡೋನು. ಜಮೀನು ಬರ್ಕೊಡೋನ ಹಂಗೆ! ಒತ್ತಿ, ಮುಖ ಸಿಂಡರಿಸಿ, "ಇದು ಎಮ್ಮೆಗಿಡೋ ಹಿಂಡಿ. ಹಿಂದಿನೋಳು ಇದ್ಲು ನೋಡಿ, ಅವಳದು ಮುದ್ದೆ!" ಅನ್ನೋನು. ಹೊಗಳಿದ್ರೆ ಕೆಲಸದೋರು ತಲೆ ಮೇಲೆ ಕೂತ್ಕೋತಾರೆ, ಚುಚ್ಚಿದ್ರೆ ಚುರುಕಾಗ್ತಾರೆ ಅಂತ ಅವನ ಎಣಿಕೆ. ಎತ್ತು ಹೊಡೆಯೋ ಬುದ್ಧಿ, ಇನ್ನೇನು ಬಂದೀತು?

ಮಾಯಿಗಮ್ಮ ಅನ್ನೋಳು ಎರಡು ವರ್ಷ ತೊಳಸಿದ್ಲು. ದಿನಾ ಅದೇ ಹೆಬ್ಬೆಟ್ಟು, ಅದೇ ಮಾತು. ಒಂದಿನ ಮುದ್ದೆ ತೊಳಸೋ ಕೋಲನ್ನ ಗೋಡೆಗೆ ಒರಗಿಸಿ ಹೋದ್ಲು. ಅವಳ ಜಾಗಕ್ಕೆ ಸಣ್ಣತಾಯಿ ಬಂದ್ಲು. ಹೋಟ್ಲೋನು ಮಾರನೇ ದಿನವೇ ಹೆಬ್ಬೆಟ್ಟು ಒತ್ತಿ, "ಮಾಯಿಗಮ್ಮನ ಮುದ್ದೆ ಬೆಣ್ಣೆ ಕಣ್ರಿ, ಬೆಣ್ಣೆ!" ಅಂದ. ಗಿರಾಕಿಗಳು ಮುಖ ಮುಖ ನೋಡ್ಕೊಂಡ್ರು. ನಿನ್ನೆವರೆಗೂ ಅದನ್ನ ಹಿಂಡಿ ಅಂದಿದ್ದ ಬಾಯಿ ಇದೇ ತಾನೆ?

ಸಣ್ಣತಾಯಿ ಮೂರು ತಿಂಗಳಿಗೆ ಹೋದ್ಲು. ಹೋದ್ಮೇಲೆ ಅವಳೂ ಬೆಣ್ಣೆ ಆದ್ಲು. ಆಮೇಲೆ ಬಂದೋರು ಹದಿನೈದು ದಿನ, ಒಂದು ವಾರ, ಅಷ್ಟೇ. ಕೊನೆಗೆ ಒಲೆ ಮುಂದೆ ಇವನೇ ನಿಂತ. ಇವನ ಮುದ್ದೆ ಉಂಡೋರು ನುಂಗಿದ್ದಕ್ಕಿಂತ, ಗಂಟು ಆರಿಸಿ ತಟ್ಟೆ ಅಂಚಿಗೆ ಇಟ್ಟಿದ್ದೇ ಜಾಸ್ತಿ. ಒಬ್ಬೊಬ್ಬರೇ ಎದುರುಗಡೆ ಹೋಟ್ಲಿಗೆ ಜಾರಿಕೊಂಡ್ರು.

ಇನ್ನೇನು ಬಾಗಿಲು ಮುಚ್ಚಬೇಕು ಅನ್ನೋ ಹೊತ್ತಿಗೆ ಮಾಯಿಗಮ್ಮನ ಮನೆಗೆ ಹೋದ. ಅವಳು ಜಗಲಿ ಮೇಲೆ ಕೂತು ಅವರೆಕಾಯಿ ಸುಲೀತಿದ್ಲು.

"ವಾಪಸ್ ಬಾರವ್ವ. ನಿನ್ನಂಥ ಕೈ ಈ ಸೀಮೇಲೇ ಇಲ್ಲ. ದಿನಾ ನಿನ್ನ ಹೆಸರೇ ಹೇಳ್ತೀನಿ, ಬೇಕಾದ್ರೆ ಊರೋರ್ನ ಕೇಳು."

"ಕೇಳಿವ್ನಿ ಕಣಣ್ಣ. ನೀರಿಗೆ ಹೋದ್ರೂ ಅದೇ ಮಾತು, ಸಂತೆಗೆ ಹೋದ್ರೂ ಅದೇ ಮಾತು. ಎರಡು ವರ್ಷ ನಿನ್ನ ಒಲೆ ಮುಂದೆ ಬೆಂದೆ, ಆಗ ಕಾಣದ ಬೆಣ್ಣೆ ಈಗ ಕಂಡದೆ ನಿನಗೆ. ನಾ ಬರಾಕಿಲ್ಲಪ್ಪ. ಬಂದ್ರೆ ನಾಳೆಯಿಂದ ಮತ್ತೆ ಹಿಂಡಿ. ಇಲ್ಲೇ ಬೆಣ್ಣೆಯಾಗಿ ಕೂತಿರ್ತೀನಿ ಬುಡು."

ಅಲ್ಲಿಗೆ ಗುರುಗಳು ಕತೆ ಮುಗಿಸಿದ್ರು.

ಮರಿಮಾದಪ್ಪ ತೊಡೆ ತಟ್ಕೊಂಡು ನಕ್ಕ. "ಎಂಥ ಮುಠ್ಠಾಳ ಅವನು, ಬುದ್ಧಿ! ನಾನು ಹಂಗಲ್ಲ. ನಮ್ಮ ಶೆಡ್ಡಲ್ಲಿ ದುಂಡಮ್ಮ ಅಂತ ಇದ್ಲು, ಯುಗಾದಿಗೆ ಬಿಟ್ಟೋದ್ಲು. ಅವಳು ಎಳೆ ಹಿಡಿದ್ರೆ ಒಂದು ಸಲಾನೂ ತುಂಡಾಗ್ತಿರ್ಲಿಲ್ಲ. ಆ ಕೈ ಇವರಿಗೆಲ್ಲಿ ಬರ್ಬೇಕು? ಇವತ್ತಿಗೂ ಎಲ್ಲರ ಮುಂದೆ ಹೇಳ್ತಾನೇ ಇರ್ತೀನಿ."

ಚೆನ್ನಾಜಮ್ಮ ಕಂಬ ಬಿಟ್ಟು ಎದ್ದು ನಿಂತ್ಲು.

ಗುರುಗಳು ಅವಳನ್ನ ನೋಡಿದ್ರು, ಆಮೇಲೆ ಇವನ ಕಡೆ ತಿರುಗಿದ್ರು.

"ಹಂಗಾದ್ರೆ ಚೆನ್ನಾಜಮ್ಮ ಒಳ್ಳೆ ಕೆಲಸಗಾರ್ತಿ ಆಗೋದು ಸೋಮವಾರದಿಂದ ಅನ್ನು."